ಚಿತ್ರ ಬಂತು, ಧ್ವನಿ ಎಲ್ಲಿ ಹೋಯಿತು?

ಕಂಪ್ಯೂಟರಿನ ಪರದೆಯನ್ನು ಟಿ.ವಿ.ಯಲ್ಲಿ ತೋರಿಸುವಾಗ ಒದಗುವ ಒಂದು ತೊಂದರೆ, ಅದರ ಕಾರಣ, ಪರಿಹಾರ

ಕಳೆದ ಜನವರಿಯ ಒಂದು ಭಾನುವಾರ ನಮ್ಮ ಸಂಘದ ಸಭಾಂಗಣದಲ್ಲಿ ಸುಮಾರು ನಲವತ್ತು ಮಂದಿ ಸದಸ್ಯರು ಸೇರಿದ್ದರು. ಕಾಫಿ ಕೊಯ್ಲಿನ ಕಾಲ. ಕಣದಲ್ಲಿ ಹರವಿದ ಹಣ್ಣನ್ನು ಮನೆಯವರಿಗೆ ಒಪ್ಪಿಸಿ, ಆಳುಗಳ ಲೆಕ್ಕವನ್ನು ಸಂಜೆಗೆ ಮುಂದೂಡಿ, ಅರ್ಧ ದಿನದ ಕೆಲಸ ಬಿಟ್ಟು ಬಂದವರೇ ಎಲ್ಲರೂ. ವಿಷಯ ಮುಖ್ಯವಾದದ್ದು. ಸಂಘದ ಮಾರಾಟ ಮಳಿಗೆಗೆ ಬೇಕಾದ ತೊಗರಿಬೇಳೆಯನ್ನು ನಡುವಿನ ಎರಡು ಮೂರು ಕೈಗಳನ್ನು ಬಿಟ್ಟು ಬೀದರದ ಗಾಂಧಿ ಗಂಜದಿಂದಲೇ ತರಿಸುವುದು, ಪ್ರತಿಯಾಗಿ ನಮ್ಮ ಕಾಫಿಪುಡಿ ಮತ್ತು ಕಾಳುಮೆಣಸನ್ನು ಅಲ್ಲಿಗೆ ಕಳುಹಿಸುವುದು ಸಾಧ್ಯವೇ ಎಂಬುದನ್ನು ಅಲ್ಲಿನ ಒಂದು ಅಡತಿ ಅಂಗಡಿಯವರೊಡನೆ ಮಾತನಾಡಿ ನಿಶ್ಚಯಿಸಬೇಕಾಗಿತ್ತು.

ಗಾಂಧಿ ಗಂಜವೆಂದರೆ ಬೀದರ ನಗರದ ಧಾನ್ಯ ಪೇಟೆ. ತೊಗರಿ, ಉದ್ದು, ಹೆಸರು, ಕಡಲೆ, ಸೋಯಾ ಅಲ್ಲಿನ ಮುಖ್ಯ ಸರಕು. ಭಾಲ್ಕಿ, ಔರಾದ ಕಡೆಯ ರೈತರ ಮಾಲೂ ಅಲ್ಲಿಗೆ ಬರುತ್ತದೆ. ನಮ್ಮ ಮಲೆನಾಡಿನಿಂದ ಅದು 600 ಕಿಲೋಮೀಟರಿಗೂ ಹೆಚ್ಚು ದೂರ. ನಾಲ್ವರು ನಿರ್ದೇಶಕರನ್ನು ಅಲ್ಲಿಗೆ ಕಳುಹಿಸಿ ಬರಮಾಡಿಕೊಳ್ಳುವ ಖರ್ಚಿನ ಬದಲು ಕಂಪ್ಯೂಟರಿನ ಮೂಲಕ ಮಾತನಾಡಿ, ಎಲ್ಲ ಸದಸ್ಯರಿಗೂ ಕಾಣುವಂತೆ ಅದನ್ನು ಗೋಡೆಯ ದೊಡ್ಡ ಟಿ.ವಿ.ಯಲ್ಲಿ ತೋರಿಸುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿತು.

ಮೂರು ಗಂಟೆಗೆ ಸರಿಯಾಗಿ ಟಿ.ವಿ.ಯಲ್ಲಿ ಗಂಜದ ಅಂಗಡಿ ಕಾಣಿಸಿತು. ಗಾದಿ, ತಕ್ಕಡಿ, ಹಿಂದೆ ಒಟ್ಟಿದ ಚೀಲಗಳು, ಎಲ್ಲವೂ ಕನ್ನಡಿಯಂತೆ ಸ್ಪಷ್ಟ. ಸಾಹುಕಾರರು ಕೈ ಮುಗಿದರು, ಬಾಯಿ ಆಡಿಸಿದರು. ಧ್ವನಿ ಮಾತ್ರ ಇಲ್ಲ. ನಾವು ಗಟ್ಟಿಯಾಗಿ ಕೂಗಿದೆವು. ಅವರೂ ಕಿವಿಯ ಬಳಿ ಕೈ ಹಿಡಿದು ತಲೆಯಾಡಿಸಿದರು. ಅಲ್ಲಿಯೂ ನಮ್ಮ ಮಾತು ಕೇಳುತ್ತಿರಲಿಲ್ಲ.

ದನದ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡಿದ ಹಿರಿಯರೂ ನಮ್ಮ ಸಭೆಯಲ್ಲಿದ್ದರು. ಬೆರಳಿನಲ್ಲಿಯೇ ಮಾತು ಮುಗಿಸೋಣವೆಂದು ಅವರು ಮುಂದಾದರು. ಅಲ್ಲಿಂದ ಸಾಹುಕಾರರು ಐದು ಬೆರಳು ಎತ್ತಿ ತೋರಿಸಿದರು. ಕಿಲೋಗೆ ಐದು ರೂಪಾಯಿ ಇಳಿಸಿದ್ದಾರೆಂದು ನಮ್ಮವರು ಭಾವಿಸಿದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಅದನ್ನು ಕಂಡು ಅವರೂ ನಗುತ್ತ ಏನನ್ನೋ ಪುಸ್ತಕದಲ್ಲಿ ಬರೆದುಕೊಂಡರು.

ಮುಕ್ಕಾಲು ಗಂಟೆಯ ನಂತರ ಧ್ವನಿ ಬಂದಾಗ ತಿಳಿದದ್ದು ಬೇರೆ. ಐದು ಎಂದರೆ ಐದು ರೂಪಾಯಿಯಲ್ಲ. ಲಾರಿ ತುಂಬಿದ ಐದು ದಿನಗಳೊಳಗೆ ಪೂರ್ತಿ ಹಣ ಕಳುಹಿಸಬೇಕೆಂಬುದು ಅವರ ಷರತ್ತಾಗಿತ್ತು.

“ಅಣ್ಣಾರ, ನೀವು ಚಪ್ಪಾಳಿ ಹೊಡದ್ರಿ ಅಂದಮ್ಯಾಗ ಮಾತು ಪಕ್ಕಾ ಆಯ್ತಲ್ರೀ?” ಎಂದರು ಅವರು.

“ಇಲ್ಲ ಸಾಹುಕಾರ್ರೇ, ನಾವು ತಟ್ಟಿದ್ದು ಐದು ರೂಪಾಯಿ ಇಳಿಸಿದ್ರಿ ಅಂತ” ಎಂದರು ನಮ್ಮ ಅಧ್ಯಕ್ಷರು.

ಎರಡೂ ಕಡೆ ನಕ್ಕು ಮಾತನ್ನು ಮೊದಲಿನಿಂದ ಆರಂಭಿಸಿದ್ದರಿಂದ ಅನಾಹುತ ತಪ್ಪಿತು. ಧ್ವನಿ ಬಾರದೆ ಹೋಗಿದ್ದರೆ, ಸದಸ್ಯರ ಹಣಕ್ಕೆ ಸಂಬಂಧಿಸಿದ ಒಂದು ಒಪ್ಪಂದವನ್ನು ನಾವು ತಪ್ಪಾಗಿ ತಿಳಿದುಕೊಂಡೇ ಮನೆಗೆ ಹೋಗುತ್ತಿದ್ದೆವು. ಈ ಲೇಖನಕ್ಕೆ ಅದೇ ಕಾರಣ. ಈಗ ಅನೇಕ ಸದಸ್ಯರ ಮನೆಗಳಲ್ಲಿಯೂ ಕಂಪ್ಯೂಟರನ್ನು ಟಿ.ವಿ.ಗೆ ಜೋಡಿಸಿ ಮಕ್ಕಳ ಪಾಠ, ತಜ್ಞರ ಉಪನ್ಯಾಸ, ಪರದೇಶದಲ್ಲಿರುವ ಮಗಳ ಮುಖ ನೋಡುವ ರೂಢಿಯಿದೆ. ಚಿತ್ರ ಬಂದು ಧ್ವನಿ ಬಾರದ ತೊಂದರೆ ಎಲ್ಲ ಕಡೆಯೂ ಒಂದಲ್ಲ ಒಂದು ದಿನ ಬರುವಂಥದ್ದು. ಅದನ್ನು ಸರಿಪಡಿಸಲು ಪೇಟೆಯಿಂದ ರಿಪೇರಿಯವರು ಬರಬೇಕಾಗಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಯಾವುದೂ ಕೆಟ್ಟಿರುವುದಿಲ್ಲ. ಧ್ವನಿ ಬೇರೆ ದಾರಿ ಹಿಡಿದಿರುತ್ತದೆ, ಅಷ್ಟೆ.

ಚಿತ್ರ ಬೇರೆ, ಧ್ವನಿ ಬೇರೆ

ಟಿ.ವಿ.ಯಲ್ಲಿ ಚಿತ್ರ ಕಂಡೊಡನೆ ಧ್ವನಿಯೂ ಅದರ ಬೆನ್ನಿಗೇ ಬರಬೇಕೆಂದು ನಾವು ನಂಬುತ್ತೇವೆ. ಆದರೆ ಅವೆರಡೂ ಮೊದಲಿನಿಂದ ಬೇರೆ ಬೇರೆ. ಇದಕ್ಕೆ ಬೀದರದ ನೆರೆಯಲ್ಲಿಯೇ ಒಂದು ಹಳೆಯ ಉದಾಹರಣೆಯಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ ಭಾರತ ಸರ್ಕಾರವು ಅಮೆರಿಕದ ಒಂದು ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮಗಳನ್ನು ಮುಟ್ಟಿಸುವ ‘ಸೈಟ್’ ಎಂಬ ಪ್ರಯೋಗವನ್ನು ನಡೆಸಿತು. ಅಂದಿನ ಗುಲ್ಬರ್ಗಾ ಜಿಲ್ಲೆಯ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಆ ಉಪಗ್ರಹದಲ್ಲಿ ಒಂದು ಚಿತ್ರಕ್ಕೆ ಎರಡು ಧ್ವನಿಮಾರ್ಗಗಳಿದ್ದವು. ಚಿತ್ರ ಒಂದೇ, ಆದರೆ ಕನ್ನಡದ ಹಳ್ಳಿಗೆ ಕನ್ನಡದ ಮಾತು, ಆಂಧ್ರದ ಹಳ್ಳಿಗೆ ತೆಲುಗಿನ ಮಾತು ಎಂಬ ಏರ್ಪಾಡು. ಚಿತ್ರದಿಂದ ಧ್ವನಿಯನ್ನು ಬೇರ್ಪಡಿಸಿ ಬೇಕಾದ ಕಡೆಗೆ ತಿರುಗಿಸಬಹುದೆಂಬುದು ಅಂದೇ ಹಳ್ಳಿಯ ಚಾವಡಿಯಲ್ಲಿ ಬಳಕೆಗೆ ಬಂದಿದ್ದ ಸಂಗತಿ.

ಇಂದಿನ ಕಂಪ್ಯೂಟರೂ ಹಾಗೆಯೇ. ಚಿತ್ರವನ್ನು ಎಲ್ಲಿಗೆ ಕಳುಹಿಸಬೇಕೆಂಬುದು ಒಂದು ತೀರ್ಮಾನ. ಧ್ವನಿಯನ್ನು ಎಲ್ಲಿಗೆ ಕಳುಹಿಸಬೇಕೆಂಬುದು ಇನ್ನೊಂದು ತೀರ್ಮಾನ. ಟಿ.ವಿ. ಜೋಡಿಸಿದೊಡನೆ ಕಂಪ್ಯೂಟರು ಮೊದಲನೆಯದನ್ನು ಮಾಡಿ ಎರಡನೆಯದನ್ನು ಮಾಡದೆ ಇರಬಹುದು.

ನಮ್ಮ ತೋಟದ ನೀರಿನ ಹೋಲಿಕೆಯಿಂದ ಇದು ಸುಲಭವಾಗಿ ತಿಳಿಯುತ್ತದೆ. ಮೋಟಾರು ಓಡುತ್ತಿದೆ, ಸ್ಪ್ರಿಂಕ್ಲರ್ ತಿರುಗುತ್ತಿಲ್ಲ ಎಂದಾಗ ನಾವು ಮೋಟಾರು ಬಿಚ್ಚುವುದಿಲ್ಲ. ಪೈಪಿನ ಗುಂಟ ನಡೆದು ಒಂದೊಂದು ಗೇಟ್‌ವಾಲ್ವನ್ನೂ ನೋಡುತ್ತೇವೆ. ಮೇಲಿನ ತೋಟಕ್ಕೆ ತಿರುಗಿಸಿದ ವಾಲ್ವನ್ನು ನಿನ್ನೆ ಯಾರೋ ಹಾಗೆಯೇ ಬಿಟ್ಟಿರುತ್ತಾರೆ. ನೀರು ಹರಿಯುತ್ತಿರುತ್ತದೆ, ಆದರೆ ಮೇಲಿನ ತೋಟದಲ್ಲಿ. ಧ್ವನಿಯ ದಾರಿಯಲ್ಲಿಯೂ ಇಂಥ ನಾಲ್ಕು ವಾಲ್ವುಗಳಿವೆ: ಮಾತನ್ನು ಹೊರಡಿಸುವ ಪ್ರೋಗ್ರಾಂ, ಅದನ್ನು ಹಂಚುವ ಕಂಪ್ಯೂಟರು, ಸಾಗಿಸುವ ಕೇಬಲು, ಹೊರಗೆ ಬಿಡುವ ಟಿ.ವಿ.

ಮೊದಲು ಕೇಳಬೇಕಾದ ಪ್ರಶ್ನೆ

ಸಿಕ್ಕಸಿಕ್ಕ ಗುಂಡಿಗಳನ್ನು ಒತ್ತುವ ಮೊದಲು, ಧ್ವನಿ ಈಗ ಎಲ್ಲಿಯ ವರೆಗೆ ಬಂದಿದೆ ಎಂಬುದನ್ನು ತಿಳಿಯಬೇಕು. ಇದಕ್ಕಾಗಿ ಕಂಪ್ಯೂಟರಿನಲ್ಲಿ ಯಾವುದಾದರೂ ಒಂದು ಹಾಡನ್ನು ಹಚ್ಚಿ ಬಿಡಿ. ಅದು ಕಂಪ್ಯೂಟರಿನಿಂದಲೇ ಕೇಳಿಸುತ್ತಿದ್ದರೆ ವಾಲ್ವು ಟಿ.ವಿ.ಯ ಕಡೆಗೆ ತಿರುಗಿಲ್ಲವೆಂದು ಅರ್ಥ.

ಎಲ್ಲಿಂದಲೂ ಕೇಳಿಸದಿದ್ದರೆ ಇನ್ನೊಂದು ಉಪಾಯವಿದೆ. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಕಿಟಕಿಯ ಚಿತ್ರವಿರುವ ಗುಂಡಿಯನ್ನೂ ‘ಆರ್’ ಅಕ್ಷರದ ಗುಂಡಿಯನ್ನೂ ಒಟ್ಟಿಗೆ ಒತ್ತಿದರೆ ಚಿಕ್ಕ ಚೌಕವೊಂದು ತೆರೆಯುತ್ತದೆ. ಅದರಲ್ಲಿ ಎಂ, ಎಂ, ಎಸ್, ವೈ, ಎಸ್, ಒಂದು ಚುಕ್ಕೆ, ನಂತರ ಸಿ, ಪಿ, ಎಲ್ ಎಂಬ ಇಂಗ್ಲಿಷ್ ಅಕ್ಷರಗಳನ್ನು ನಡುವೆ ಜಾಗ ಬಿಡದೆ ಬರೆದು ಎಂಟರ್ ಒತ್ತಿರಿ. ಧ್ವನಿ ಹೋಗಬಹುದಾದ ಎಲ್ಲ ಕಡೆಗಳ ಪಟ್ಟಿ ಕಾಣುತ್ತದೆ. ಪ್ರತಿ ಹೆಸರಿನ ಪಕ್ಕದಲ್ಲಿ ಒಂದು ಪುಟ್ಟ ಪಟ್ಟಿಯಿದ್ದು, ಧ್ವನಿ ಆ ಕಡೆ ಹರಿಯುತ್ತಿದ್ದರೆ ಅದು ಹಸಿರಾಗಿ ಮೇಲೆ ಕೆಳಗೆ ಕುಣಿಯುತ್ತದೆ. ಇದನ್ನು ನೀರಿನ ಮೀಟರಿನಂತೆ ತಿಳಿಯಬಹುದು. ಅದನ್ನು ನೋಡಿ ಹೀಗೆ ನಿರ್ಣಯಿಸಿ:

1. ಹಸಿರು ಬೇರೆ ಯಾವುದೋ ಹೆಸರಿನ ಮುಂದೆ ಕುಣಿಯುತ್ತಿದ್ದರೆ ಧ್ವನಿ ಆ ಕಡೆಗೆ ಹೋಗುತ್ತಿದೆ. ದಾರಿ ತಿರುಗಿಸಬೇಕು.

2. ಟಿ.ವಿ.ಯ ಹೆಸರಿನ ಮುಂದೆಯೇ ಕುಣಿಯುತ್ತಿದ್ದು ಧ್ವನಿ ಇಲ್ಲದಿದ್ದರೆ ಕಂಪ್ಯೂಟರು ತನ್ನ ಕೆಲಸ ಮಾಡಿದೆ. ದೋಷ ಕೇಬಲಿನಲ್ಲಿ, ಟಿ.ವಿ.ಯಲ್ಲಿ ಅಥವಾ ಧ್ವನಿಯ ರೂಪದಲ್ಲಿದೆ.

3. ಎಲ್ಲಿಯೂ ಕುಣಿಯದಿದ್ದರೆ ಮೂಲದಲ್ಲಿಯೇ ಧ್ವನಿ ಹೊರಟಿಲ್ಲ. ಪ್ರೋಗ್ರಾಮಿನೊಳಗೆ ಧ್ವನಿ ಮುಚ್ಚಿದೆಯೇ ನೋಡಬೇಕು.

4. ಪಟ್ಟಿಯಲ್ಲಿ ಟಿ.ವಿ.ಯ ಹೆಸರೇ ಇಲ್ಲದಿದ್ದರೆ ಕೇಬಲಿನ ಜಾತಿಯನ್ನು ಮತ್ತು ಕಂಪ್ಯೂಟರಿನ ಡ್ರೈವರನ್ನು ಪರೀಕ್ಷಿಸಬೇಕು.

ಈ ನಾಲ್ಕರಲ್ಲಿ ನಿಮ್ಮದು ಯಾವುದೆಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಇನ್ನು ಒಂದೊಂದನ್ನೇ ವಿವರಿಸುತ್ತೇವೆ.

ಕಂಪ್ಯೂಟರಿನಲ್ಲಿ ದಾರಿ ತಿರುಗಿಸುವುದು

ವಿಂಡೋಸ್ 10ರಲ್ಲಿ ಪರದೆಯ ಕೆಳಗೆ ಬಲಮೂಲೆಯಲ್ಲಿರುವ ಸ್ಪೀಕರಿನ ಚಿತ್ರವನ್ನು ಒತ್ತಿದರೆ, ಧ್ವನಿ ಈಗ ಹೋಗುತ್ತಿರುವ ಕಡೆಯ ಹೆಸರು ಕಾಣುತ್ತದೆ. ಆ ಹೆಸರಿನ ಮೇಲೆ ಒತ್ತಿದರೆ ಉಳಿದ ಹೆಸರುಗಳೂ ತೆರೆಯುತ್ತವೆ. ವಿಂಡೋಸ್ 11ರಲ್ಲಿ ಅದೇ ಸ್ಪೀಕರನ್ನು ಒತ್ತಿ, ಧ್ವನಿ ಹೆಚ್ಚು ಕಡಿಮೆ ಮಾಡುವ ಗೆರೆಯ ಪಕ್ಕದ ಬಾಣವನ್ನು ಒತ್ತಬೇಕು. ಅಲ್ಲಿ ಟಿ.ವಿ.ಯನ್ನು ಆರಿಸಿ. ಟಿ.ವಿ. ತನ್ನ ಕಂಪೆನಿಯ ಹೆಸರಿನಿಂದ ಅಥವಾ ಒಂದು ಸಂಖ್ಯೆಯಿಂದ ಇರಬಹುದು. ಪಕ್ಕದಲ್ಲಿ ‘ಇಂಟೆಲ್’, ‘ಎನ್‌ವಿಡಿಯಾ’, ‘ಎ.ಎಂ.ಡಿ.’ ಮುಂತಾದ ಹೆಸರಿದ್ದರೆ ಗಾಬರಿ ಬೇಡ. ಟಿ.ವಿ.ಗೆ ಹೋಗುವ ಧ್ವನಿಯನ್ನು ಕಂಪ್ಯೂಟರಿನ ಚಿತ್ರದ ಭಾಗವೇ ಹೊರಡಿಸುವುದರಿಂದ ಅದನ್ನು ಮಾಡಿದ ಕಂಪೆನಿಯ ಹೆಸರು ಅಲ್ಲಿ ಸೇರಿರುತ್ತದೆ.

ಆಪಲ್ ಕಂಪೆನಿಯ ಮ್ಯಾಕ್ ಇದ್ದವರು ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ‘ಸೌಂಡ್’, ಅದರೊಳಗೆ ‘ಔಟ್‌ಪುಟ್’ ತೆರೆದು ಟಿ.ವಿ.ಯನ್ನು ಆರಿಸಬೇಕು.

ಇಷ್ಟು ಮಾಡಿಯೂ ಧ್ವನಿ ಬಾರದಿದ್ದರೆ, ಹಾಡು ಅಥವಾ ಚಲನಚಿತ್ರದ ಪ್ರೋಗ್ರಾಮನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಟಿ.ವಿ. ಜೋಡಿಸುವ ಮೊದಲೇ ತೆರೆದಿದ್ದ ಪ್ರೋಗ್ರಾಂ ಕೆಲವೊಮ್ಮೆ ಹಳೆಯ ದಾರಿಯನ್ನೇ ಹಿಡಿದುಕೊಂಡಿರುತ್ತದೆ.

ಪ್ರೋಗ್ರಾಮಿಗೂ ತನ್ನದೇ ವಾಲ್ವುಂಟು

ನಮ್ಮ ಸಭೆಯಲ್ಲಿ ಮುಕ್ಕಾಲು ಗಂಟೆ ಹಾಳಾದದ್ದು ಇಲ್ಲಿಯೇ. ಕಂಪ್ಯೂಟರಿನಲ್ಲಿ ಟಿ.ವಿ.ಯನ್ನು ಆರಿಸಿದ್ದೆವು. ಹಾಡು ಹಚ್ಚಿದರೆ ಟಿ.ವಿ.ಯಲ್ಲಿ ಕೇಳುತ್ತಿತ್ತು. ಆದರೆ ಗಂಜದ ಮಾತು ಮಾತ್ರ ಕೇಳುತ್ತಿರಲಿಲ್ಲ. ಕೊನೆಗೆ ಸಿಕ್ಕಿದ್ದು ಮೇಜಿನ ಡ್ರಾಯರಿನಲ್ಲಿ. ಅಂದು ಬೆಳಿಗ್ಗೆ ಲೆಕ್ಕಪತ್ರದ ಬಗ್ಗೆ ಮಾತನಾಡಲು ನಾವು ಬಳಸಿದ್ದ ಬ್ಲೂಟೂತ್ ಹೆಡ್‌ಫೋನನ್ನು ಆರಿಸದೆಯೇ ಡ್ರಾಯರಿನಲ್ಲಿ ಇಟ್ಟಿದ್ದೆವು. ಸಾಹುಕಾರರು ಮುಕ್ಕಾಲು ಗಂಟೆ ಆ ಡ್ರಾಯರಿನೊಳಗೆ ಮಾತನಾಡುತ್ತಿದ್ದರು!

ಕಾರಣ ಇಷ್ಟೆ. ಸಭೆ ನಡೆಸುವ ಜೂಮ್‌ನಂಥ ಪ್ರೋಗ್ರಾಮುಗಳು ಕಂಪ್ಯೂಟರಿನ ತೀರ್ಮಾನವನ್ನು ಅನುಸರಿಸಲೇಬೇಕೆಂದಿಲ್ಲ. ಅವುಗಳೊಳಗೆ ಪ್ರತ್ಯೇಕವಾಗಿ ಸ್ಪೀಕರನ್ನು ಆರಿಸುವ ಜಾಗವಿದೆ. ಬೆಳಿಗ್ಗೆ ಆರಿಸಿದ ಹೆಡ್‌ಫೋನು ಮಧ್ಯಾಹ್ನವೂ ಹಾಗೆಯೇ ಉಳಿದಿತ್ತು. ಆದ್ದರಿಂದ ಹಾಡು ಕೇಳಿಸಿ ಸಭೆಯ ಮಾತು ಕೇಳಿಸದಿದ್ದರೆ, ಮೈಕಿನ ಚಿತ್ರದ ಪಕ್ಕದ ಸಣ್ಣ ಬಾಣವನ್ನು ಒತ್ತಿ ಅಥವಾ ಆ ಪ್ರೋಗ್ರಾಮಿನ ಸೆಟ್ಟಿಂಗ್ಸ್‌ನಲ್ಲಿ ‘ಆಡಿಯೋ’ ತೆರೆದು ಅಲ್ಲಿಯೂ ಟಿ.ವಿ.ಯನ್ನು ಆರಿಸಬೇಕು.

ಬ್ರೌಸರಿನಲ್ಲಿ ನೋಡುತ್ತಿದ್ದರೆ, ಮೇಲಿನ ಟ್ಯಾಬಿನಲ್ಲಿ ಅಡ್ಡಗೆರೆ ಎಳೆದ ಸ್ಪೀಕರಿನ ಚಿತ್ರವಿದೆಯೇ ನೋಡಿ. ಇದ್ದರೆ ಆ ಪುಟದ ಧ್ವನಿ ಮುಚ್ಚಿದೆ. ಇದಲ್ಲದೆ ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ನೊಳಗೆ ‘ವಾಲ್ಯೂಮ್ ಮಿಕ್ಸರ್’ ಎಂಬುದಿದೆ. ಅಲ್ಲಿ ಒಂದೊಂದು ಪ್ರೋಗ್ರಾಮಿನ ಧ್ವನಿ ಎಷ್ಟು, ಯಾವ ಕಡೆಗೆ ಎಂಬುದನ್ನು ಬೇರೆ ಬೇರೆಯಾಗಿ ನೋಡಿ ತಿದ್ದಬಹುದು.

ಕೇಬಲಿನ ಜಾತಿ

ಎಲ್ಲ ಕೇಬಲುಗಳೂ ಧ್ವನಿಯನ್ನು ಸಾಗಿಸುವುದಿಲ್ಲ. ಮೂರು ಸಾಲುಗಳಲ್ಲಿ ಹದಿನೈದು ಸೂಜಿಗಳಿದ್ದು, ಎರಡೂ ಪಕ್ಕ ತಿರುಪು ಬಿಗಿಯುವ ಅಗಲ ಮೂತಿಯ ಕೇಬಲನ್ನು ವಿ.ಜಿ.ಎ. ಎನ್ನುತ್ತಾರೆ. 1987ರಲ್ಲಿ ಬಂದ ಈ ಪದ್ಧತಿ ಬರೀ ಚಿತ್ರಕ್ಕಾಗಿ. ಅದರಲ್ಲಿ ಧ್ವನಿಗೆ ತಂತಿಯೇ ಇಲ್ಲ. ಎಚ್.ಡಿ.ಎಂ.ಐ. ಎಂಬ ಚಪ್ಪಟೆ ಮೂತಿಯ ಕೇಬಲಿನ ಮೊದಲ ಮಾನದಂಡ 2002ರಲ್ಲಿ ಪ್ರಕಟವಾಯಿತು. ಇದು ಚಿತ್ರ, ಧ್ವನಿ ಎರಡನ್ನೂ ಒಟ್ಟಿಗೆ ಒಯ್ಯುತ್ತದೆ.

ತೊಡಕು ಬರುವುದು ಇವೆರಡನ್ನೂ ಕೂಡಿಸಿದಾಗ. ಹಳೆಯ ಕಂಪ್ಯೂಟರಿನ ವಿ.ಜಿ.ಎ. ಮೂತಿಗೆ ಒಂದು ಡಬ್ಬಿ ಸೇರಿಸಿ, ಅದರಿಂದ ಎಚ್.ಡಿ.ಎಂ.ಐ. ಕೇಬಲನ್ನು ಟಿ.ವಿ.ಗೆ ಒಯ್ದಾಗ ಚಿತ್ರ ಚೆನ್ನಾಗಿಯೇ ಬರುತ್ತದೆ. ಆದರೆ ಕಂಪ್ಯೂಟರಿನಿಂದ ಧ್ವನಿಯೇ ಹೊರಟಿಲ್ಲದ ಮೇಲೆ ಟಿ.ವಿ.ಗೆ ಎಲ್ಲಿಂದ ಬರಬೇಕು? ಗಾಂಧಿ ಗಂಜದ ಅಂಗಡಿಯಲ್ಲಿ ಅಂದು ನಮ್ಮ ಮಾತು ಕೇಳದಿದ್ದುದಕ್ಕೆ ಇದೇ ಕಾರಣ. ಅವರ ಕಂಪ್ಯೂಟರು ಹಳೆಯದು, ಅದಕ್ಕೆ ಸ್ವಂತ ಸ್ಪೀಕರೂ ಇರಲಿಲ್ಲ. ಅಂಗಡಿಯ ಹುಡುಗ ಬೆಳಗಿನ ಪೂಜೆಯ ಹಾಡಿಗೆ ಇಟ್ಟಿದ್ದ ಸ್ಪೀಕರಿನ ತಂತಿಯನ್ನು ಕಂಪ್ಯೂಟರಿನ ಹಿಂದಿನ ಹಸಿರು ಬಣ್ಣದ ತೂತಿಗೆ ಸಿಕ್ಕಿಸಿದಾಗ ನಮ್ಮ ಮಾತು ಅವರಿಗೆ ಕೇಳಿಸಿತು. ಧ್ವನಿ ಟಿ.ವಿ.ಯಿಂದಲೇ ಬರಬೇಕೆಂಬ ಹಟವಿಲ್ಲದಿದ್ದರೆ ಇದಕ್ಕಿಂತ ಸುಲಭದ ಪರಿಹಾರ ಬೇರೆ ಇಲ್ಲ.

ಇಂಥ ಡಬ್ಬಿ ಕೊಳ್ಳುವವರು ಧ್ವನಿಯ ತಂತಿಗೂ ತೂತು ಇರುವುದನ್ನೇ ಕೇಳಿ ಕೊಳ್ಳಬೇಕು. ಆ ತೂತಿನಿಂದ ಕಂಪ್ಯೂಟರಿನ ಹೆಡ್‌ಫೋನು ತೂತಿಗೆ 3.5 ಮಿಲಿಮೀಟರಿನ ಸಣ್ಣ ತಂತಿಯನ್ನು ಜೋಡಿಸಿ, ಕಂಪ್ಯೂಟರಿನಲ್ಲಿ ‘ಹೆಡ್‌ಫೋನ್’ ಅಥವಾ ‘ಸ್ಪೀಕರ್’ ಅನ್ನೇ ಆರಿಸಬೇಕು. ಇಲ್ಲಿ ಟಿ.ವಿ.ಯ ಹೆಸರು ಪಟ್ಟಿಯಲ್ಲಿ ಹುಡುಕಿದರೂ ಸಿಗುವುದಿಲ್ಲ.

ಎರಡೂ ಕಡೆ ಎಚ್.ಡಿ.ಎಂ.ಐ. ಇದ್ದೂ ಟಿ.ವಿ.ಯ ಹೆಸರು ಕಾಣದಿದ್ದರೆ, ಮೊದಲು ಟಿ.ವಿ.ಯನ್ನು ಹಾಕಿ, ಅನಂತರ ಕೇಬಲನ್ನು ತೆಗೆದು ಮತ್ತೆ ಸಿಕ್ಕಿಸಿ. ಜೋಡಿಸಿದಾಗ ಟಿ.ವಿ.ಯು ತನಗೆ ಯಾವ ಬಗೆಯ ಧ್ವನಿ ಸಲ್ಲುತ್ತದೆಂದು ಕಂಪ್ಯೂಟರಿಗೆ ತಿಳಿಸುತ್ತದೆ. ಆ ಮಾತು ತಪ್ಪಿದ್ದರೆ ಕಂಪ್ಯೂಟರು ಅದನ್ನು ಬರೀ ಪರದೆಯೆಂದು ಭಾವಿಸಬಹುದು. ಟಿ.ವಿ.ಯ ಬೇರೆ ತೂತಿಗೆ ಹಾಕಿ ನೋಡುವುದೂ ಒಳ್ಳೆಯದು.

ಆಗಲೂ ಕಾಣದಿದ್ದರೆ ಹಿಂದೆ ಹೇಳಿದ ಹಸಿರು ಪಟ್ಟಿಯ ಚೌಕದಲ್ಲಿ ಖಾಲಿ ಜಾಗದ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, ‘ಶೋ ಡಿಸೇಬಲ್ಡ್ ಡಿವೈಸಸ್’ ಎಂಬುದನ್ನು ಆರಿಸಿ. ಯಾರೋ ಮುಚ್ಚಿಟ್ಟ ಟಿ.ವಿ.ಯ ಹೆಸರು ಮಸುಕಾಗಿ ಕಂಡರೆ ಅದರ ಮೇಲೆ ಬಲಗುಂಡಿ ಒತ್ತಿ ‘ಎನೇಬಲ್’ ಮಾಡಿ. ಅಲ್ಲಿಯೂ ಇಲ್ಲವಾದರೆ ಡ್ರೈವರನ್ನು, ಅಂದರೆ ಆ ಭಾಗವನ್ನು ನಡೆಸುವ ಪ್ರೋಗ್ರಾಮನ್ನು ಹೊಸದಾಗಿ ಹಾಕಬೇಕಾಗುತ್ತದೆ. ಇಲ್ಲಿ ಒಂದು ಎಚ್ಚರ. ಟಿ.ವಿ.ಗೆ ಹೋಗುವ ಧ್ವನಿ ಚಿತ್ರದ ಭಾಗದಿಂದ ಹೊರಡುವುದರಿಂದ ಬರೀ ಧ್ವನಿಯ ಡ್ರೈವರನ್ನು ಬದಲಿಸಿದರೆ ಸಾಲದು. ಚಿತ್ರದ ಡ್ರೈವರನ್ನೇ ಹಾಕಬೇಕು.

ಟಿ.ವಿ.ಯ ಕಡೆಯ ದೋಷಗಳು

ಟಿ.ವಿ.ಯ ಹೆಸರಿನ ಮುಂದೆ ಹಸಿರು ಕುಣಿಯುತ್ತಿದ್ದೂ ಧ್ವನಿ ಇಲ್ಲವೆಂದರೆ ಮೊದಲು ರಿಮೋಟಿನ ಮ್ಯೂಟ್ ಗುಂಡಿಯನ್ನು ನೋಡಿ. ಹೇಳಲು ನಾಚಿಕೆಯಾದರೂ ಅನೇಕ ಸಲ ಕಾರಣ ಇದೇ. ಅನಂತರ ಟಿ.ವಿ.ಯ ಧ್ವನಿ ಸೆಟ್ಟಿಂಗ್ಸ್‌ನಲ್ಲಿ ಯಾವ ಸ್ಪೀಕರನ್ನು ಆರಿಸಿದೆ ನೋಡಿ. ಹಿಂದೆ ಸೌಂಡ್‌ಬಾರ್ ಅಥವಾ ಹೋಂ ಥಿಯೇಟರ್ ಜೋಡಿಸಿ ಈಗ ತೆಗೆದಿದ್ದರೆ, ಟಿ.ವಿ.ಯು ಇನ್ನೂ ಅದನ್ನೇ ಹುಡುಕುತ್ತಿರಬಹುದು. ‘ಟಿ.ವಿ. ಸ್ಪೀಕರ್’ ಎಂದು ಬದಲಿಸಿ.

ಇನ್ನೊಂದು ದೋಷ ಧ್ವನಿಯ ರೂಪದ್ದು. ಕಂಪ್ಯೂಟರು ಐದಾರು ಸ್ಪೀಕರುಗಳಿಗೆ ಹಂಚುವ ಧ್ವನಿಯನ್ನು ಕಳುಹಿಸುತ್ತಿದ್ದು, ಎರಡೇ ಸ್ಪೀಕರುಗಳ ಟಿ.ವಿ.ಗೆ ಅದು ಅರ್ಥವಾಗದಿದ್ದರೆ ಟಿ.ವಿ. ಸುಮ್ಮನಿರುತ್ತದೆ. ಪಟ್ಟಿಯಲ್ಲಿ ಟಿ.ವಿ.ಯ ಹೆಸರನ್ನು ಆರಿಸಿ, ‘ಪ್ರಾಪರ್ಟೀಸ್’ ತೆರೆದು, ‘ಅಡ್ವಾನ್ಸ್ಡ್’ ಎಂಬಲ್ಲಿ 2 ಚಾನೆಲ್, 16 ಬಿಟ್, 48000 ಹರ್ಟ್ಸ್ ಎಂಬುದನ್ನು ಆರಿಸಿ. ಇದು ಸಾಮಾನ್ಯ ಟಿ.ವಿ.ಗಳಿಗೆ ಸಲ್ಲುವ ಸರಳ ರೂಪ. ‘ಸ್ಪೇಷಿಯಲ್ ಸೌಂಡ್’ ಎಂಬುದು ತೆರೆದಿದ್ದರೆ ಮುಚ್ಚಿ.

ತಂತಿಯಿಲ್ಲದೆ ಕಳುಹಿಸುವಾಗ

ಕೇಬಲಿಲ್ಲದೆ ಕಳುಹಿಸಲು ಎರಡು ಪದ್ಧತಿಗಳು ಬಳಕೆಯಲ್ಲಿವೆ. ಮೊದಲನೆಯದು 2012ರಲ್ಲಿ ಬಂದ ಮಿರಾಕಾಸ್ಟ್. ವಿಂಡೋಸ್‌ನಲ್ಲಿ ಕಿಟಕಿಯ ಗುಂಡಿಯೊಡನೆ ‘ಕೆ’ ಅಕ್ಷರವನ್ನು ಒತ್ತಿದರೆ ಹತ್ತಿರದ ಟಿ.ವಿ.ಗಳ ಪಟ್ಟಿ ಬರುತ್ತದೆ. ಇದಕ್ಕೆ ಇಂಟರ್‌ನೆಟ್ ಬೇಕಾಗಿಲ್ಲ. ಇಲ್ಲಿಯೂ ಟಿ.ವಿ. ಒಂದು ಹೊಸ ಸ್ಪೀಕರಿನಂತೆ ಪಟ್ಟಿಗೆ ಸೇರುತ್ತದೆ; ಧ್ವನಿ ತಾನಾಗಿ ತಿರುಗದಿದ್ದರೆ ಮೊದಲು ವಿವರಿಸಿದಂತೆ ಆರಿಸಿದರೆ ಆಯಿತು.

ಎರಡನೆಯದು ಕ್ರೋಮ್ ಬ್ರೌಸರಿನಿಂದ ‘ಕಾಸ್ಟ್’ ಮಾಡುವುದು. ಇಲ್ಲಿ ಕಂಪ್ಯೂಟರು ಮತ್ತು ಟಿ.ವಿ. ಎರಡೂ ಒಂದೇ ವೈಫೈಗೆ ಸೇರಿರಬೇಕು. ಒಂದು ಟ್ಯಾಬನ್ನು ಮಾತ್ರ ಕಳುಹಿಸಿದರೆ ಅದರ ಧ್ವನಿಯೂ ಟಿ.ವಿ.ಗೆ ಹೋಗುತ್ತದೆ. ಪೂರ್ತಿ ಪರದೆಯನ್ನು ಕಳುಹಿಸುವಾಗ ಮಾತ್ರ ಎಚ್ಚರ ಬೇಕು. ಯಾವ ಪರದೆ ಎಂದು ಕೇಳುವ ಚೌಕದಲ್ಲಿ ಧ್ವನಿಯನ್ನೂ ಹಂಚಬೇಕೆ ಎಂಬ ಸಣ್ಣ ಗುರುತಿರುತ್ತದೆ. ಅದನ್ನು ಹಾಕದಿದ್ದರೆ ಬರೀ ಚಿತ್ರ ಹೋಗುತ್ತದೆ. ಆಗ ಒಮ್ಮೆ ನಿಲ್ಲಿಸಿ ಗುರುತು ಹಾಕಿ ಮತ್ತೆ ಆರಂಭಿಸಬೇಕು.

ಧ್ವನಿ ತುಂಡು ತುಂಡಾಗಿ ಬರುತ್ತಿದ್ದರೆ ವೈಫೈ ದುರ್ಬಲವಾಗಿದೆಯೆಂದು ತಿಳಿಯಿರಿ. ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆಗಳು ಅದನ್ನು ಬಹಳವಾಗಿ ತಡೆಯುತ್ತವೆ. ಮುಖ್ಯವಾದ ಸಭೆಗೆ ಕೇಬಲೇ ಮೇಲು.

ಎರಡು ಕಡೆಯ ಮಾತುಕತೆಯಲ್ಲಿ

ಟಿ.ವಿ.ಯಿಂದ ಧ್ವನಿ ಬಂದ ಮಾತ್ರಕ್ಕೆ ನಮ್ಮ ಮಾತು ಅತ್ತ ಕೇಳುತ್ತಿದೆಯೆಂದು ಭಾವಿಸಬಾರದು. ಮೈಕು ಸಾಮಾನ್ಯವಾಗಿ ಕಂಪ್ಯೂಟರಿನಲ್ಲಿಯೇ ಇರುತ್ತದೆ. ಆದ್ದರಿಂದ ಟಿ.ವಿ.ಯ ಕಡೆ ಮುಖ ಮಾಡಿ ಕೂಗುವುದಕ್ಕಿಂತ ಮಾತನಾಡುವವರು ಕಂಪ್ಯೂಟರಿನ ಹತ್ತಿರ ಕುಳಿತುಕೊಳ್ಳಬೇಕು. ಟಿ.ವಿ.ಯ ಧ್ವನಿ ಬಹಳ ಹೆಚ್ಚಿದ್ದು ಕಂಪ್ಯೂಟರು ಅದರ ಕೆಳಗೇ ಇದ್ದರೆ, ಅವರ ಮಾತು ಅವರಿಗೇ ಪ್ರತಿಧ್ವನಿಯಾಗಿ ಮರಳುತ್ತದೆ. ಎರಡನ್ನೂ ದೂರ ಇಟ್ಟು ಟಿ.ವಿ.ಯ ಧ್ವನಿಯನ್ನು ಸ್ವಲ್ಪ ತಗ್ಗಿಸಬೇಕು.

ಸಭೆಯ ನಡುವೆ ನಮ್ಮಲ್ಲಿರುವ ಚಿತ್ರಸುರುಳಿಯನ್ನು ಅತ್ತ ತೋರಿಸುವಾಗಲೂ ಇದೇ ತೊಂದರೆ. ಜೂಮ್‌ನಲ್ಲಿ ಪರದೆ ಹಂಚುವ ಚೌಕದ ಕೆಳಗೆ ‘ಶೇರ್ ಸೌಂಡ್’ ಎಂಬ ಗುರುತನ್ನು ಹಾಕಬೇಕು. ಗೂಗಲ್ ಮೀಟ್‌ನಲ್ಲಿ ಆ ಚಿತ್ರವಿರುವ ಟ್ಯಾಬನ್ನೇ ಹಂಚಿ, ಅದರ ಧ್ವನಿಯ ಗುರುತನ್ನೂ ಹಾಕಬೇಕು.

ವಿದ್ಯುತ್ತು ಮತ್ತು ಸಿಡಿಲು

ನಮ್ಮ ಕಡೆ ಸಭೆಯ ನಡುವೆ ವಿದ್ಯುತ್ತು ಹೋಗಿ ಬರುವುದು ಹೊಸದೇನಲ್ಲ. ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ನಡೆಯುತ್ತಿರುತ್ತದೆ, ಟಿ.ವಿ. ಆರುತ್ತದೆ. ಆಗ ಕಂಪ್ಯೂಟರು ಧ್ವನಿಯನ್ನು ತನ್ನ ಸ್ಪೀಕರಿಗೆ ತಿರುಗಿಸಿಕೊಳ್ಳುತ್ತದೆ. ವಿದ್ಯುತ್ತು ಬಂದು ಟಿ.ವಿ.ಯಲ್ಲಿ ಚಿತ್ರ ಮರಳಿದರೂ ಧ್ವನಿ ಕೆಲವೊಮ್ಮೆ ಮರಳುವುದಿಲ್ಲ. ಟಿ.ವಿ. ಕೆಟ್ಟಿತೆಂದು ಗಾಬರಿಯಾಗದೆ ಮತ್ತೊಮ್ಮೆ ಟಿ.ವಿ.ಯನ್ನು ಆರಿಸಿ.

ಗುಡುಗು ಸಿಡಿಲಿನ ಸೂಚನೆ ಕಂಡಾಗ ಟಿ.ವಿ.ಯ ವಿದ್ಯುತ್ ತಂತಿ, ಡಿಷ್ ತಂತಿ ಮತ್ತು ಕಂಪ್ಯೂಟರಿಗೆ ಹೋಗುವ ಕೇಬಲು ಮೂರನ್ನೂ ಕಿತ್ತಿಡಿ. ಡಿಷ್ ತಂತಿಯ ಮೂಲಕ ಬಂದ ಸಿಡಿಲಿನ ಹೊಡೆತ ಟಿ.ವಿ.ಯನ್ನು ದಾಟಿ ಕಂಪ್ಯೂಟರಿಗೂ ಮುಟ್ಟಬಹುದು.

ಚಿತ್ರ ಕಂಡರೆ ಸಾಲದೇ?

ಧ್ವನಿಗೆ ಇಷ್ಟು ಪರದಾಟವೇಕೆ, ಪರದೆಯಲ್ಲಿ ಬರೆದದ್ದನ್ನು ಓದಿಕೊಂಡರಾಯಿತಲ್ಲ ಎಂದು ಕೆಲವರು ಕೇಳಬಹುದು. ಕೊಳೆರೋಗದ ಉಪನ್ಯಾಸವನ್ನೇ ತೆಗೆದುಕೊಳ್ಳಿ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂದು ಪರದೆಯಲ್ಲಿ ಬರೆದಿರುತ್ತದೆ. ಆದರೆ ಎರಡನ್ನೂ ಬೇರೆ ಬೇರೆ ಕರಗಿಸಬೇಕು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗಿ ಅಲ್ಲ, ಕಬ್ಬಿಣದ ಪಾತ್ರೆ ಬಳಸಬಾರದು, ಮಾಡಿದ ದಿನವೇ ಸಿಂಪಡಿಸಬೇಕು ಎಂಬುದನ್ನೆಲ್ಲ ತಜ್ಞರು ಬಾಯಿಮಾತಿನಲ್ಲಿ ಹೇಳುತ್ತಾರೆ. ಅಂಕಿ ಕಂಡು ಮಾತು ಕೇಳದವರು ಔಷಧಿಯನ್ನೂ ಕೂಲಿಯನ್ನೂ ಕಳೆದುಕೊಳ್ಳುತ್ತಾರೆ. ನಾವು ಗಂಜದ ಸಾಹುಕಾರರ ಐದು ಬೆರಳು ಕಂಡು ಮಾಡಿದ ತಪ್ಪೂ ಇದೇ ಜಾತಿಯದು.

ಸಂಘದಲ್ಲಿ ಮಾಡಿಕೊಂಡ ಏರ್ಪಾಡು

ಆ ಭಾನುವಾರದ ನಂತರ ನಾವು ಕೆಲವು ನಿಯಮಗಳನ್ನು ಮಾಡಿಕೊಂಡಿದ್ದೇವೆ. ಸದಸ್ಯರೂ ಇವನ್ನು ಮನೆಯಲ್ಲಿ ಅನುಸರಿಸಬಹುದು:

1. ಸಭೆಗೆ ಅರ್ಧ ಗಂಟೆ ಮೊದಲು ಟಿ.ವಿ. ಹಾಕಿ, ಕೇಬಲು ಜೋಡಿಸಿ, ಅನಂತರ ಪ್ರೋಗ್ರಾಂ ತೆರೆಯುವುದು.

2. ಮೊದಲು ಒಂದು ಹಾಡು ಹಚ್ಚಿ ಟಿ.ವಿ.ಯಲ್ಲಿ ಕೇಳುವುದನ್ನು ಖಚಿತಪಡಿಸಿಕೊಳ್ಳುವುದು. ಅನಂತರ ಸಭೆಯ ಪ್ರೋಗ್ರಾಮಿನೊಳಗಿನ ಸ್ಪೀಕರನ್ನು ಪರೀಕ್ಷಿಸುವುದು.

3. ಬ್ಲೂಟೂತ್ ಹೆಡ್‌ಫೋನುಗಳನ್ನು ಪೂರ್ತಿ ಆರಿಸಿ ಇಡುವುದು.

4. ಒಂದು ಎಚ್.ಡಿ.ಎಂ.ಐ. ಕೇಬಲು, ಒಂದು 3.5 ಮಿಲಿಮೀಟರಿನ ತಂತಿ, ಒಂದು ಸಾದಾ ಸ್ಪೀಕರು ಸಭಾಂಗಣದ ಕಪಾಟಿನಲ್ಲಿ ಯಾವಾಗಲೂ ಇರುವುದು.

5. ಎಲ್ಲ ಮಾಡಿಯೂ ಐದು ನಿಮಿಷದಲ್ಲಿ ಧ್ವನಿ ಬಾರದಿದ್ದರೆ, ಚಿತ್ರವನ್ನು ಟಿ.ವಿ.ಯಲ್ಲಿಯೇ ಬಿಟ್ಟು ಮಾತಿಗೆ ಫೋನು ಮಾಡಿ, ಅದರ ಸ್ಪೀಕರನ್ನು ತೆರೆದು ಮೈಕಿನ ಮುಂದೆ ಹಿಡಿಯುವುದು. ಆಗ ಕಂಪ್ಯೂಟರಿನ ಮೈಕನ್ನು ಮುಚ್ಚಿಡುವುದು.

6. ಧ್ವನಿ ಕೇಳದೆ ಯಾವ ವ್ಯವಹಾರಕ್ಕೂ ಒಪ್ಪಿಗೆ ಸೂಚಿಸದಿರುವುದು.

ಕೊನೆಯ ನಿಯಮವನ್ನು ಸೇರಿಸಿದವರು ಬೆರಳಿನ ವ್ಯಾಪಾರಕ್ಕೆ ಮುಂದಾಗಿದ್ದ ಹಿರಿಯ ಸದಸ್ಯರೇ. ಟವೆಲಿನ ಕೆಳಗೆ ಬೆರಳು ಹಿಡಿದಾಗಲೂ ಕೊನೆಗೊಮ್ಮೆ ಬಾಯಿಬಿಟ್ಟು ದರ ಹೇಳುವ ಪದ್ಧತಿಯಿತ್ತೆಂದು ಅವರು ನೆನಪಿಸಿದರು.

ಗಂಜದ ಅಡತಿ ಅಂಗಡಿಯವರೊಡನೆ ಮಾತು ಆ ದಿನವೇ ಮುಗಿಯಿತು. ಹಣ ಕಳುಹಿಸಲು ಹತ್ತು ದಿನಗಳ ಅವಧಿಯನ್ನು ಅವರು ಒಪ್ಪಿದರು. ಮೊದಲ ಲಾರಿಯ ತೊಗರಿಬೇಳೆ ಫೆಬ್ರವರಿಯಲ್ಲಿ ಮಳಿಗೆಗೆ ಬಂತು.

ಇಲ್ಲಿ ಹೇಳಿದ ಕ್ರಮದಲ್ಲಿ ನೋಡಿಯೂ ಧ್ವನಿ ಬಾರದ ಸದಸ್ಯರು ಟಿ.ವಿ.ಯ ಹೆಸರು, ಕೇಬಲಿನ ಬಗೆ, ಹಸಿರು ಪಟ್ಟಿ ಯಾವ ಹೆಸರಿನ ಮುಂದೆ ಕುಣಿಯುತ್ತಿದೆ ಎಂಬ ಮೂರು ವಿವರಗಳನ್ನು ಬರೆದು ಸಂಘದ ಕಚೇರಿಗೆ ಕೊಡಬೇಕಾಗಿ ವಿನಂತಿ. ಎಲ್ಲರಿಗೂ ಉಪಯೋಗವಾಗುವ ಉತ್ತರಗಳನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.